ಜಾಲತಾಣ ಕಟ್ಟುವ ಮುನ್ನ ಹೊರಡುವ ದಾರಿ ನೋಡಿ

ಕನಕಪುರ ರಸ್ತೆಯ ಸಾರಕ್ಕಿ ಸಿಗ್ನಲ್‌ನ ಆಸುಪಾಸಿನಲ್ಲಿ ಜಾಲತಾಣ ಬೇಕಾದವರನ್ನು ಲೆಕ್ಕ ಹಾಕುತ್ತ ಹೋದರೆ ಪಟ್ಟಿ ಬೇಗ ಮುಗಿಯುವುದಿಲ್ಲ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಕನ್ನಡ ಸಂಘ, ಕೆರೆಯ ಮೇಲೆ ಕಣ್ಣಿಟ್ಟಿರುವ ಹಿರಿಯ ನಾಗರಿಕರು, ಮನೆಪಾಠದ ಮೇಷ್ಟ್ರು, ನಿವೃತ್ತಿಯ ನಂತರ ಬರೆಯಲು ಕೂತ ಬ್ಯಾಂಕ್ ಅಧಿಕಾರಿ. ಎಲ್ಲರ ಮೊದಲ ಪ್ರಶ್ನೆ ಒಂದೇ: ಯಾವುದರಲ್ಲಿ ಮಾಡಿಸೋಣ? ವರ್ಡ್‌ಪ್ರೆಸ್, ಬ್ಲಾಗರ್, ವಿಕ್ಸ್, ಡ್ರೂಪಲ್, ಘೋಸ್ಟ್ ಎಂದು ಹೆಸರುಗಳು ಬರುತ್ತವೆ. ಬರಹ, ಚಿತ್ರ, ಪುಟಗಳನ್ನು ಕೋಡ್ ಮುಟ್ಟದೆ ಏರಿಸಿ, ತಿದ್ದಿ, ಜೋಡಿಸಿಡಲು ನೆರವಾಗುವ ಈ ತಂತ್ರಾಂಶಗಳಿಗೆ ಸಿಎಂಎಸ್ ಎಂಬ ಒಟ್ಟು ಹೆಸರಿದೆ. ಆಯ್ಕೆ ಮಾಡುವಾಗ ಸಾಮಾನ್ಯವಾಗಿ ಮೂರು ಸಂಗತಿಗಳನ್ನು ತೂಗುತ್ತಾರೆ. ನೋಡಲು ಚೆನ್ನಾಗಿದೆಯೇ, ಖರ್ಚೆಷ್ಟು, ಕಲಿಯಲು ಸುಲಭವೇ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಕನ್ನಡದಲ್ಲಿ ಬರೆಯುವವರು ಇವನ್ನು ಎರಡನೆಯ ಸಾಲಿಗೆ ಸರಿಸಬೇಕು ಎಂಬುದು ನನ್ನ ವಾದ. ಮೊದಲು ಕೇಳಬೇಕಾದದ್ದು ಬೇರೆ: ಈ ವ್ಯವಸ್ಥೆಯನ್ನು ಬಿಟ್ಟು ಹೊರಡುವ ದಿನ ನಮ್ಮ ಬರಹ ಇಡಿಯಾಗಿ, ಕೆಡದೆ ನಮ್ಮ ಕೈಗೆ ಬರುತ್ತದೆಯೇ? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡದ ಸಿಎಂಎಸ್ ಎಷ್ಟೇ ಅಂದವಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಅದನ್ನು ಅಲ್ಲಿಗೇ ಕೈಬಿಡಬೇಕು.

ಇನ್ನೂ ಶುರುವಾಗದ ತಾಣಕ್ಕೆ ಹೊರಡುವ ಯೋಚನೆ ಯಾಕೆ ಎಂದು ಯಾರಾದರೂ ಕೇಳಬಹುದು. ಸಾರಕ್ಕಿಯ ಕೆರೆಯನ್ನೇ ನೋಡಿ. 82 ಎಕರೆಗೂ ಹೆಚ್ಚು ವಿಸ್ತಾರದ ಈ ಕೆರೆಯ ಒತ್ತುವರಿಯನ್ನು ಬೆಂಗಳೂರು ನಗರ ಜಿಲ್ಲಾಡಳಿತ 2015ರ ಏಪ್ರಿಲ್‌ನಲ್ಲಿ ತೆರವು ಮಾಡಿತು. ಬಿಡಿಸಿಕೊಂಡ ಜಾಗ ಸುಮಾರು 34 ಎಕರೆ. ಕೆರೆಯ ಅಂಗಳ ಎಲ್ಲಿ ಮುಗಿಯುತ್ತದೆ, ಕಟ್ಟಡ ಎಲ್ಲಿ ಶುರುವಾಗಿದೆ ಎಂಬುದನ್ನು ಸರ್ವೆ ದಾಖಲೆಗಳ ಬಲವಿಲ್ಲದೆ ಹೇಳುವಂತಿರಲಿಲ್ಲ. ಇಲ್ಲಿಂದ ದೂರವೇನಲ್ಲದ ಪುಟ್ಟೇನಹಳ್ಳಿ ಕೆರೆಯ ಕಥೆಯೂ ಇಂಥದ್ದೇ. ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು, 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೆರೆಯ ಆರೈಕೆ ವಹಿಸಿಕೊಂಡರು. ಇಂಥ ಕೆಲಸ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ. ಪದಾಧಿಕಾರಿಗಳು ಬದಲಾಗುತ್ತಾರೆ, ಆಡಳಿತದ ರೂಪವೇ ಬದಲಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಯಾವ ಮಳೆಗಾಲದಲ್ಲಿ ಎಲ್ಲಿ ಕೊಳಚೆ ನೀರು ಸೇರಿತು, ಯಾವ ಅರ್ಜಿಗೆ ಯಾವ ಇಲಾಖೆ ಏನು ಉತ್ತರಿಸಿತು ಎಂಬುದನ್ನು ಜನರ ಭಾಷೆಯಲ್ಲಿ ಬರೆದಿಟ್ಟವರ ಪುಟ ಹತ್ತು ವರ್ಷದ ನಂತರವೂ ತೆರೆದುಕೊಳ್ಳಬೇಕು. ಯಾವ ಸಿಎಂಎಸ್ ಕೂಡ ಇದ್ದ ಹಾಗೇ ಹತ್ತು ವರ್ಷ ಉಳಿಯುವುದಿಲ್ಲ. ಹಾಗಾಗಿ ಹೊರಡುವ ಸಂದರ್ಭ ಬಂದೇ ಬರುತ್ತದೆ, ಯಾವಾಗ ಎಂಬುದಷ್ಟೇ ಗೊತ್ತಿರುವುದಿಲ್ಲ.

ಕನ್ನಡದ ಜಾಲಲೋಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯೆಂದು ಗುರುತಿಸಲಾಗುವ ಯು.ಬಿ. ಪವನಜರ ‘ವಿಶ್ವಕನ್ನಡ’ ಶುರುವಾದದ್ದು 1996ರಲ್ಲಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಕೆಲಸಕ್ಕೆ ಬರಲು ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟ್ ಬರಬೇಕಾಯಿತು, ಅಂದರೆ 2001. ನಡುವಿನ ವರ್ಷಗಳಲ್ಲಿ, ಆಮೇಲೆಯೂ ಎಷ್ಟೋ ಕಾಲ, ಕನ್ನಡ ತಾಣಗಳು ತಂತಮ್ಮ ಫಾಂಟುಗಳನ್ನು ನೆಚ್ಚಿಕೊಂಡವು. ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಅದರ ಮೇಲೆ ಕನ್ನಡದ ಆಕಾರ ಹೊದಿಸುವುದು ಫಾಂಟಿನ ಕೆಲಸ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆಂದು ಸಿದ್ಧಪಡಿಸಿದ ಫಾಂಟ್ ಕಡತ ಬೇರೆ ಬ್ರೌಸರಿನಲ್ಲಿ ನಡೆಯುತ್ತಿರಲಿಲ್ಲ. ಬ್ರೌಸರ್ ಬದಲಾಯಿತು, ಫಾಂಟ್ ಕಡತ ಸರ್ವರ್‌ನಿಂದ ಹೋಯಿತು, ಬರಹ ಇದ್ದಲ್ಲೇ ಇದ್ದರೂ ಓದಲಾಗದ ಗೋಜಲಾಯಿತು. ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಜಾಲದಲ್ಲಿ ಹುಡುಕುವವರಿಗೆ ಯುನಿಕೋಡ್‌ಗೆ ಮುಂಚಿನ ವರ್ಷಗಳು ಅಷ್ಟಾಗಿ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಅಂದು ತಾಣ ಕಟ್ಟಿದವರಿಗೆ ಬೇರೆ ದಾರಿ ಇರಲಿಲ್ಲ. ಇಂದು ಇದೆ.

ಯುನಿಕೋಡ್ ಬಂದ ಮೇಲೆ ಎಲ್ಲ ಸರಿಹೋಯಿತು ಎಂದುಕೊಳ್ಳುವ ಹೊತ್ತಿಗೆ ಎರಡನೆಯ ಗಂಡಾಂತರ ಕಾದಿತ್ತು. ವರ್ಡ್‌ಪ್ರೆಸ್, ಡ್ರೂಪಲ್‌ನಂಥ ವ್ಯವಸ್ಥೆಗಳು ಬರಹವನ್ನು ಮೈಎಸ್‌ಕ್ಯೂಎಲ್ ದತ್ತಕೋಶದಲ್ಲಿ ಇಡುತ್ತವೆ. ಹಳೆಯ ಮೈಎಸ್‌ಕ್ಯೂಎಲ್, ಬೇರೆ ಹೇಳದಿದ್ದರೆ, ಎಲ್ಲವನ್ನೂ ಪಶ್ಚಿಮ ಯೂರೋಪಿನ ಅಕ್ಷರಗಳಿಗೆಂದು ಮಾಡಿದ ಲ್ಯಾಟಿನ್-1 ಲೆಕ್ಕದಲ್ಲಿ ಓದುತ್ತಿತ್ತು. ಕನ್ನಡದ ಒಂದು ‘ಕ’ ಯುಟಿಎಫ್-8ರಲ್ಲಿ ಮೂರು ಬೈಟ್. ಅವನ್ನು ಮೂರು ಬೇರೆ ಬೇರೆ ಯೂರೋಪಿಯನ್ ಚಿಹ್ನೆಗಳೆಂದು ತಿಳಿದು ಒಳಗಿಟ್ಟರೂ ಮತ್ತೆ ಅದೇ ತಪ್ಪು ಲೆಕ್ಕದಲ್ಲಿ ಹೊರತೆಗೆದರೆ ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಹೋಸ್ಟಿಂಗ್‌ಗೆ ಸಾಗಿಸಿದ ದಿನ ಎರಡರಲ್ಲಿ ಒಂದು ಆಗುತ್ತದೆ. ವಿಚಿತ್ರ ಚಿಹ್ನೆಗಳ ಸಾಲು ಕಂಡರೆ ಬೈಟುಗಳು ಇನ್ನೂ ಒಳಗಿವೆ ಎಂದರ್ಥ, ತಿಳಿದವರು ಹಿಂದಕ್ಕೆ ತಿರುಗಿಸಿ ಕನ್ನಡವನ್ನು ವಾಪಸು ತರಬಲ್ಲರು. ಬರೀ ಪ್ರಶ್ನೆಚಿಹ್ನೆಗಳು ಕಂಡರೆ ಮುಗಿಯಿತು, ಪರಿವರ್ತನೆಯ ಹೊತ್ತಿಗೆ ಮೂಲ ಬೈಟುಗಳೇ ಅಳಿದಿರುತ್ತವೆ, ಬ್ಯಾಕಪ್ ಇಲ್ಲದಿದ್ದರೆ ಬರಹ ಹೋದಂತೆಯೇ. ವರ್ಡ್‌ಪ್ರೆಸ್ 2015ರ ಏಪ್ರಿಲ್‌ನಲ್ಲಿ ಬಂದ 4.2ನೇ ಆವೃತ್ತಿಯಿಂದ ತನ್ನ ಕೋಷ್ಟಕಗಳನ್ನು ಪೂರ್ಣ ಯುನಿಕೋಡ್ ಹಿಡಿಯುವ ಯುಟಿಎಫ್8ಎಂಬಿ4ಕ್ಕೆ ಬದಲಿಸಿಕೊಂಡಿತು, ಮೈಎಸ್‌ಕ್ಯೂಎಲ್ ತಾನೇ ಅದನ್ನು ಸಹಜ ಆಯ್ಕೆ ಮಾಡಿಕೊಂಡದ್ದು 2018ರ 8ನೇ ಆವೃತ್ತಿಯಲ್ಲಿ. ಹೊಸ ತಾಣಕ್ಕೆ ಈ ಅಪಾಯ ಕಡಿಮೆ. ಆದರೂ ಅಗ್ಗದ ಹೋಸ್ಟಿಂಗ್‌ನಲ್ಲಿ ಹಳೆಯ ತಂತ್ರಾಂಶ ಓಡುತ್ತಿರಬಹುದು, ಕೇಳಿ ತಿಳಿದುಕೊಳ್ಳುವುದರಲ್ಲಿ ನಷ್ಟವಿಲ್ಲ.

ಮೂರನೆಯ ಬಗೆಯ ನಷ್ಟಕ್ಕೆ ತಂತ್ರಜ್ಞಾನದ ದೋಷ ಕಾರಣವಲ್ಲ, ಯಜಮಾನನ ತೀರ್ಮಾನ ಕಾರಣ. ಯಾಹೂ ಸಂಸ್ಥೆ ಜಿಯೋಸಿಟೀಸ್ ಅನ್ನು 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಸಮುದಾಯಗಳ ಚರ್ಚೆಗಳನ್ನು ಗೂಗಲ್ ಕೆಲಕಾಲ ಓದಲು ಇಟ್ಟಿತ್ತು, ಆಮೇಲೆ ಅದೂ ಹೋಯಿತು. ಬೆಂಗಳೂರಿನ ಸಾಫ್ಟ್‌ವೇರ್ ತಲೆಮಾರಿನ ಕನ್ನಡದ ಹುರುಪು ಆ ಚರ್ಚೆಗಳಲ್ಲಿ ಎಷ್ಟಿತ್ತು ಎಂಬುದನ್ನು ಇಂದು ತೋರಿಸಲು ಪುಟಗಳೇ ಇಲ್ಲ. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಒಂದು ಕಾಲಕ್ಕೆ ಬ್ಲಾಗ್ ಲೋಕದ ದೊಡ್ಡ ಹೆಸರಾಗಿದ್ದ ಟೈಪ್‌ಪ್ಯಾಡ್ ತನ್ನ ಬಳಕೆದಾರರಿಗೆ ಸುಮಾರು ಒಂದು ತಿಂಗಳ ಸೂಚನೆ ಕೊಟ್ಟು 2025ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಸಂಘದ ತಾಣ ನೋಡಿಕೊಳ್ಳುತ್ತಿದ್ದವರು ಆ ತಿಂಗಳು ಮಗಳ ಬಾಣಂತನಕ್ಕೆಂದು ವಿದೇಶದಲ್ಲಿದ್ದರೆ? ಇಮೇಲ್ ನೋಡದಿದ್ದರೆ? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಉಳಿದುಕೊಂಡ ಕನ್ನಡ ತಾಣಗಳನ್ನು ನೋಡಿದರೂ ಇದೇ ಎದ್ದು ಕಾಣುತ್ತದೆ. ಜಿ.ಎನ್. ಮೋಹನ್ ಅವರ ‘ಅವಧಿ’ ಮೊದಲು ವರ್ಡ್‌ಪ್ರೆಸ್ ಡಾಟ್ ಕಾಂ ಕೊಟ್ಟ ಪುಕ್ಕಟೆ ಉಪವಿಳಾಸದಲ್ಲಿ ನಡೆಯಿತು, ಆಮೇಲೆ ಸ್ವಂತ ವಿಳಾಸಕ್ಕೆ ಹೋಯಿತು. ಆ ವ್ಯವಸ್ಥೆಯಲ್ಲಿ ಬರಹಗಳನ್ನೆಲ್ಲ ಒಂದು ಎಕ್ಸ್‌ಎಂಎಲ್ ಕಡತವಾಗಿ ಇಳಿಸಿಕೊಂಡು ಇನ್ನೊಂದು ಕಡೆ ಏರಿಸುವ ಸೌಲಭ್ಯವಿರುವುದರಿಂದ ಇಂಥ ಪಯಣ ಸಾಧ್ಯ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇನ್ನೂ ಒಂದು ಹೆಜ್ಜೆ ಮುಂದೆ: ಅದರ ಎಲ್ಲ ಲೇಖನಗಳ ಪೂರ್ಣ ಪ್ರತಿಯನ್ನು ವಿಕಿಮೀಡಿಯ ಪ್ರತಿಷ್ಠಾನ ಕಾಲಕಾಲಕ್ಕೆ ಹೊರಗಿಡುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇನ್ನು ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ನಿಂತದ್ದು ಡ್ರೂಪಲ್ ಮೇಲೆ. ಕನ್ನಡದಲ್ಲಿ ಸಮುದಾಯವೊಂದು ತಾನೇ ಬರೆದು, ತಾನೇ ಚರ್ಚಿಸಿ, ತಾನೇ ಬೆಳೆಸಿದ ದೊಡ್ಡ ಪ್ರಯೋಗ ಅದು, ಮತ್ತು ನೂರಾರು ಸದಸ್ಯರು ಬರೆಯುವ ತಾಣಕ್ಕೆ ಅಂದು ಡ್ರೂಪಲ್ ತಕ್ಕ ಆಯ್ಕೆಯೇ ಆಗಿತ್ತು. ಡ್ರೂಪಲ್‌ನಿಂದ ಕಲಿಯಬೇಕಾದದ್ದು ಇನ್ನೊಂದು. ಅದರ 7ನೇ ಆವೃತ್ತಿ 2011ರ ಜನವರಿಯಲ್ಲಿ ಬಂತು. 2015ರ ನವೆಂಬರ್‌ನಲ್ಲಿ ಬಂದ 8ನೆಯದು ಒಳಗಿನಿಂದ ಪೂರ್ತಿ ಹೊಸತು, ಹಳೆಯ ತಾಣವನ್ನು ಹಾಗೇ ಮೇಲ್ದರ್ಜೆಗೇರಿಸುವಂತಿರಲಿಲ್ಲ, ಹೊಸದಾಗಿ ಕಟ್ಟಿ ಬರಹಗಳನ್ನು ಸಾಗಿಸಬೇಕಿತ್ತು. ಸಣ್ಣ ಸಂಸ್ಥೆಗಳಿಗೆ ಅಷ್ಟು ಹಣವೂ ಕೈಯಾಳೂ ಇಲ್ಲದ್ದರಿಂದ 7ರ ಬೆಂಬಲದ ಗಡುವನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2025ರ ಜನವರಿ 5ಕ್ಕೆ ನಿಲ್ಲಿಸಿದರು. ಮುಕ್ತ ತಂತ್ರಾಂಶ, ದೊಡ್ಡ ಬಳಗ, ಒಳ್ಳೆಯ ಹೆಸರು ಎಲ್ಲ ಇದ್ದೂ ಹೀಗಾಯಿತು. ಬರಹ ಹೊರತೆಗೆಯಬಹುದು ಎಂಬುದಷ್ಟೇ ಸಾಲದು, ಹೊರತೆಗೆಯುವ ಕೆಲಸ ನಮ್ಮಂಥವರ ಕೈಗೆಟಕುವಂತಿರಬೇಕು.

ಈ ಅಳತೆಗೋಲು ಹಿಡಿದು ಇಂದಿನ ಆಯ್ಕೆಗಳನ್ನು ನೋಡಿದರೆ ಕೆಲವು ಬೇಗನೆ ಬಿದ್ದುಹೋಗುತ್ತವೆ. ವಿಕ್ಸ್‌ನಲ್ಲಿ ಎಳೆದು ಬಿಟ್ಟು ಪುಟ ಜೋಡಿಸುವುದು ನಿಜಕ್ಕೂ ಸುಲಭ, ಮಾದರಿಗಳೂ ಸೊಗಸು. ಆದರೆ ಅಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಬೇರೆ ಕಡೆಗೆ ಒಯ್ಯಲು ಅವರೇ ಬಿಡುವುದಿಲ್ಲ. ಮದುವೆಯ ಆಮಂತ್ರಣದ ಪುಟಕ್ಕೆ, ಒಂದು ಹಬ್ಬದ ಊಟದ ಬುಕಿಂಗಿಗೆ ಅದು ಸಾಕು. ಕೆರೆಯ ದಾಖಲೆಗೆ, ಲೇಖಕರ ಬರಹಕ್ಕೆ ಬೇಡ. ವರ್ಡ್‌ಪ್ರೆಸ್‌ನೊಳಗೂ ಇದೇ ಬಲೆ ಇನ್ನೊಂದು ರೂಪದಲ್ಲಿದೆ. ಡಿವಿ, ಎಲಿಮೆಂಟರ್‌ನಂಥ ಪುಟ ಕಟ್ಟುವ ಪ್ಲಗಿನ್‌ಗಳನ್ನು ಹಾಕಿ ‘ಪ್ರೀಮಿಯಂ ಡಿಸೈನ್’ ಎಂದು ಮಾಡಿಕೊಡುವವರು ಬಹಳ. ಡಿವಿ ತುಂಬ ಕಾಲ ಪ್ರತಿ ಪ್ಯಾರಾವನ್ನೂ ತನ್ನದೇ ಚೌಕ ಕಂಸದ ಸಂಕೇತಗಳ ನಡುವೆ ಇಡುತ್ತಿತ್ತು. ಅದನ್ನು ತೆಗೆದುಹಾಕಿದ ದಿನ ಕನ್ನಡದ ಎರಡು ಸಾಲಿಗೆ ಸಂಕೇತಗಳ ನಾಲ್ಕು ಸಾಲು ಕಾಣುತ್ತವೆ. ಎಲಿಮೆಂಟರ್ ಪುಟದ ವಿನ್ಯಾಸವನ್ನೆಲ್ಲ ಮೂಲ ಬರಹದಿಂದ ಬೇರೆಯಾಗಿ ತನ್ನ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ತಾಣ ಮಾಡಿಸುವವರು ಗುತ್ತಿಗೆದಾರರನ್ನು ಒಂದು ಮಾತು ಕೇಳಲೇಬೇಕು: ಈ ಥೀಮ್, ಈ ಪ್ಲಗಿನ್ ತೆಗೆದರೆ ಲೇಖನ ಹೇಗೆ ಕಾಣುತ್ತದೆ, ಈಗಲೇ ತೆಗೆದು ತೋರಿಸಿ.

ಕನ್ನಡಕ್ಕೇ ವಿಶಿಷ್ಟವಾದ ಕೆಲವು ತೊಡಕುಗಳನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಇಂಗ್ಲಿಷಿನಲ್ಲಿ ಬರುವ ಯಾವ ಸಿಎಂಎಸ್ ಹೋಲಿಕೆಯಲ್ಲೂ ಇವು ಸಿಗುವುದಿಲ್ಲ. ಪುಟದ ವಿಳಾಸವನ್ನೇ ತೆಗೆದುಕೊಳ್ಳಿ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ವಿಳಾಸ ಮಾಡುತ್ತದೆ, ಆ ಭಾಗಕ್ಕೆ ಅದು ಇಟ್ಟಿರುವ ಮಿತಿ 200 ಚಿಹ್ನೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ವಿರಾಮ ಪ್ರತಿಯೊಂದೂ ಮೂರು ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯ ಜೊತೆ ಎರಡು ಅಂಕಿ-ಅಕ್ಷರಗಳಾಗಿ ನಿಲ್ಲುತ್ತದೆ, ಅಲ್ಲಿಗೆ ಒಂದೊಂದಕ್ಕೂ 9 ಚಿಹ್ನೆ. ‘ಸಾರಕ್ಕಿ ಕೆರೆಯ ಇತಿಹಾಸ’ ಎಂಬ ಶೀರ್ಷಿಕೆಯಲ್ಲಿ ಇಂಥ 18 ಘಟಕಗಳಿವೆ, ನಡುವಿನ ಎರಡು ಅಡ್ಡಗೆರೆ ಸೇರಿ 164 ಚಿಹ್ನೆ. ಅದು ಹಿಡಿಸುತ್ತದೆ. ಅದಕ್ಕೇ ‘ಮತ್ತು ವರ್ತಮಾನ’ ಎಂದು ಸೇರಿಸಿದರೆ ವಿಳಾಸ ‘ಮತ್’ ಎಂಬಲ್ಲಿಗೆ ತುಂಡಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಮೊಬೈಲ್ ಪರದೆಯ ಅರ್ಧದಷ್ಟು ಶೇಕಡಾ ಚಿಹ್ನೆಗಳೇ ತುಂಬಿ, ಓದುವವರು ಇದೇನೋ ವೈರಸ್ ಎಂದು ಮುಟ್ಟುವುದೇ ಇಲ್ಲ. ಬ್ಲಾಗರ್‌ನ ರೀತಿ ಬೇರೆ: ಕನ್ನಡ ಶೀರ್ಷಿಕೆಯನ್ನು ಅದು ವಿಳಾಸಕ್ಕೆ ತೆಗೆದುಕೊಳ್ಳದೆ ‘ಬ್ಲಾಗ್-ಪೋಸ್ಟ್’ ಎಂದು ಬರೆದು ಮುಂದೊಂದು ಸಂಖ್ಯೆ ಅಂಟಿಸುತ್ತದೆ. ಕನ್ನಡ ಬ್ಲಾಗುಗಳಲ್ಲಿ ಇಂಥ ಅನಾಮಧೇಯ ವಿಳಾಸಗಳು ಸಾವಿರಾರು. ಪರಿಹಾರ ಸುಲಭ. ಎರಡರಲ್ಲೂ ಪ್ರಕಟಿಸುವ ಮೊದಲು ರೋಮನ್ ಲಿಪಿಯಲ್ಲಿ ಮೂರ್ನಾಲ್ಕು ಪದದ ಚಿಕ್ಕ ವಿಳಾಸವನ್ನು ಕೈಯಾರೆ ಬರೆಯಬಹುದು. ವಿಳಾಸದಲ್ಲೂ ಕನ್ನಡವೇ ಇರಲಿ ಎಂಬ ಅಭಿಮಾನ ನನಗೂ ಅರ್ಥವಾಗುತ್ತದೆ. ಕನ್ನಡ ಲಿಪಿಯ ‘.ಭಾರತ’ ಡೊಮೇನ್ ಕೂಡ ಸಿಗುತ್ತದೆ. ಆದರೆ ಮುಂದೆ ತಾಣ ಸಾಗಿಸುವಾಗ ಹಳೆಯ ಕೊಂಡಿಗಳು ಹೊಸ ಪುಟಕ್ಕೆ ತಲುಪಬೇಕಾದರೆ ಚಿಕ್ಕ, ಸರಳ, ತುಂಡಾಗದ ವಿಳಾಸವೇ ನಂಬಿಕಸ್ಥ. ಕನ್ನಡದ ಅಭಿಮಾನವನ್ನು ಬರಹದಲ್ಲಿ ತೋರಿಸೋಣ.

ಹುಡುಕಾಟದ ವಿಷಯವೂ ಹೀಗೆಯೇ. ವರ್ಡ್‌ಪ್ರೆಸ್‌ನ ಸಹಜ ಹುಡುಕಾಟ ಅಕ್ಷರಗಳ ಸಾಲನ್ನು ಹಾಗೇ ಹೋಲಿಸುವ ಸರಳ ಬಗೆಯದು. ‘ಕೆರೆ’ ಎಂದು ಕೊಟ್ಟರೆ ಕೆರೆಯಲ್ಲಿ, ಕೆರೆಗೆ, ಕೆರೆಗಳು ಎಲ್ಲ ಸಿಗುತ್ತವೆ. ಪೂರ್ಣ ಪದಗಳ ಸೂಚಿ ಮಾಡಿಕೊಳ್ಳುವ ‘ಸುಧಾರಿತ’ ವ್ಯವಸ್ಥೆಗಳಲ್ಲಿ, ಕನ್ನಡದ ವಿಭಕ್ತಿ ಪ್ರತ್ಯಯ ತಿಳಿಯದಿದ್ದರೆ, ‘ಕೆರೆ’ಗೆ ‘ಕೆರೆ’ ಮಾತ್ರ ಸಿಗುತ್ತದೆ. ಇಂಗ್ಲಿಷಿಗೆ ಉತ್ತಮವಾದದ್ದು ಕನ್ನಡಕ್ಕೆ ಕಳಪೆಯಾಗುವುದು ಹೀಗೆ. ಥೀಮ್ ಆರಿಸುವಾಗ ಇಂಗ್ಲಿಷ್ ನಮೂನೆ ನೋಡಿ ಮರುಳಾಗಬೇಡಿ. ಸಾಲುಗಳ ನಡುವಿನ ಅಂತರ ಬಿಗಿಯಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ.

ಇನ್ನು ತಾಣದೊಳಗೆ ಹೋಗುವ ಬರಹ ಎಲ್ಲಿಂದ ಬರುತ್ತದೆ ಎಂಬುದು. ಸಂಘಗಳ ಹಳೆಯ ಸ್ಮರಣ ಸಂಚಿಕೆಗಳು, ಲೇಖಕರ ಹಸ್ತಪ್ರತಿಗಳು ಬಹುಪಾಲು ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್‌ನಲ್ಲಿ ಜೋಡಿಸಿದವು. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿವೆ. ಅವನ್ನು ನಕಲು ಮಾಡಿ ಯಾವ ಸಿಎಂಎಸ್‌ಗೆ ಅಂಟಿಸಿದರೂ ಕಾಣುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಯುನಿಕೋಡ್‌ಗೆ ಪರಿವರ್ತಿಸಿಯೇ ಏರಿಸಬೇಕು, ಪರಿವರ್ತಿಸಿದ ಮೇಲೆ ಓದಲೇಬೇಕು. ಅರ್ಕಾವತ್ತು ಕೈಕೊಡುವ ಜಾಗ ಇದು. ಹಳೆಯ ಫಾಂಟಿನಲ್ಲಿ ‘ಅರ್ಥ’ ಎಂದು ಬರೆದರೆ ಒಳಗಿರುವುದು ‘ಅ’, ‘ಥ’, ಆಮೇಲೆ ಅರ್ಕಾವತ್ತಿನ ಆಕಾರ. ಯುನಿಕೋಡ್‌ನಲ್ಲಿ ರ, ವಿರಾಮ, ಥ ಎಂಬ ಉಚ್ಚಾರಣೆಯ ಕ್ರಮ. ಪರಿವರ್ತಕ ಈ ಅದಲು ಬದಲನ್ನು ಸರಿಯಾಗಿ ಮಾಡದಿದ್ದರೆ ರೇಫ ಹಿಂದಿನ ಅಕ್ಷರಕ್ಕೋ ಮುಂದಿನದಕ್ಕೋ ಜಿಗಿಯುತ್ತದೆ. ಈ ಶ್ರಮ ತಪ್ಪಿಸಿಕೊಳ್ಳಲು ಸಂಚಿಕೆಯ ಪುಟಗಳನ್ನು ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಏರಿಸಿಬಿಡುವವರಿದ್ದಾರೆ. ಏನೂ ಇಲ್ಲದ್ದಕ್ಕಿಂತ ಅದು ವಾಸಿ. ಆದರೆ ಹುಡುಕಿದರೆ ಸಿಗದ, ದೃಷ್ಟಿ ಇಲ್ಲದವರಿಗೆ ತಂತ್ರಾಂಶ ಓದಿ ಹೇಳಲಾಗದ ಬರಹ ಅರ್ಧ ಮಾತ್ರ ಪ್ರಕಟವಾದಂತೆ.

ಹಾಗಾದರೆ ಯಾವುದು? ತಾಣವನ್ನು ನೋಡಿಕೊಳ್ಳಲು ತಿಂಗಳಿಗೆ ಒಂದೆರಡು ಗಂಟೆ ಕೊಡುವ ಒಬ್ಬರಾದರೂ ಇದ್ದರೆ, ಸ್ವಂತ ಡೊಮೇನ್, ಸಾಧಾರಣ ಹೋಸ್ಟಿಂಗ್, ಅದರ ಮೇಲೆ ಅಲಂಕಾರವಿಲ್ಲದ ವರ್ಡ್‌ಪ್ರೆಸ್. ಯಾರೂ ಇಲ್ಲದಿದ್ದರೆ, ಒಬ್ಬರೇ ಬರೆಯುವವರಾದರೆ, ಬ್ಲಾಗರ್, ಆದರೆ ಸ್ವಂತ ಡೊಮೇನ್ ಜೋಡಿಸಿಕೊಂಡೇ. ಈ ಎರಡನೆಯ ಸಲಹೆಗೆ ಮುಖ ಸಿಂಡರಿಸುವವರಿದ್ದಾರೆ. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್ ಪಾಲಾದ ಬ್ಲಾಗರ್ ಹಳತಾಗಿದೆ, ಗೂಗಲ್ ಇಂದಲ್ಲ ನಾಳೆ ಅದನ್ನೂ ಮುಚ್ಚಬಹುದು ಎನ್ನುತ್ತಾರೆ. ಮುಚ್ಚಬಹುದು. ಆದರೆ ಎಲ್ಲ ಬರಹವನ್ನೂ ಒಂದು ಕಡತವಾಗಿ ಇಳಿಸಿಕೊಳ್ಳುವ ದಾರಿ ಅಲ್ಲಿ ತೆರೆದಿದೆ, ವರ್ಡ್‌ಪ್ರೆಸ್ ಆ ಕಡತವನ್ನು ಓದಿಕೊಳ್ಳುತ್ತದೆ, ಡೊಮೇನ್ ನಮ್ಮದಾಗಿದ್ದರೆ ಓದುಗರಿಗೆ ವಿಳಾಸವೂ ಬದಲಾಗುವುದಿಲ್ಲ. ನವೀಕರಿಸುವವರಿಲ್ಲದೆ ಹಾಳುಬಿದ್ದ ವರ್ಡ್‌ಪ್ರೆಸ್‌ಗಿಂತ ಇದು ಸುರಕ್ಷಿತ.

ವರ್ಡ್‌ಪ್ರೆಸ್ ಹ್ಯಾಕ್ ಆಗುತ್ತದಲ್ಲ ಎಂಬುದು ಮೊದಲ ಆಕ್ಷೇಪ. ಜಗತ್ತಿನ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕಕ್ಕಿಂತ ಹೆಚ್ಚು ಅದರ ಮೇಲೇ ನಡೆಯುತ್ತಿರುವುದರಿಂದ ದಾಳಿಕೋರರ ಕಣ್ಣು ಅದರ ಮೇಲಿರುವುದು ನಿಜ. ಆದರೆ ಬಿರುಕುಗಳ ಬಹುಭಾಗ ಇರುವುದು ಪ್ಲಗಿನ್‌ಗಳಲ್ಲಿ. ಮೂಲ ತಂತ್ರಾಂಶ 2013ರ 3.7ನೇ ಆವೃತ್ತಿಯಿಂದ ಭದ್ರತಾ ತಿದ್ದುಪಡಿಗಳನ್ನು ತಾನೇ ಹಾಕಿಕೊಳ್ಳುತ್ತದೆ. ನಾಲ್ಕೈದು ಪ್ಲಗಿನ್‌ಗೆ ನಿಲ್ಲಿಸಿದರೆ ಅಪಾಯವೂ ಅಲ್ಲಿಗೆ ಇಳಿಯುತ್ತದೆ. ದೇಶದ ಜಿಲ್ಲಾಡಳಿತಗಳ ತಾಣಗಳಿಗೆ ಎನ್‌ಐಸಿ ಒದಗಿಸುವ ಎಸ್3ವಾಸ್ ಅಚ್ಚು ಕೂಡ ವರ್ಡ್‌ಪ್ರೆಸ್ ಮೇಲೆಯೇ ಕಟ್ಟಿದ್ದು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: 2024ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ನ ಸಹಸಂಸ್ಥಾಪಕ ಮ್ಯಾಟ್ ಮುಲನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ನಡುವೆ ಜಗಳ ಹತ್ತಿ, ಆ ಕಂಪನಿಯ ಗ್ರಾಹಕರ ತಾಣಗಳಿಗೆ ಪ್ಲಗಿನ್ ನವೀಕರಣವೇ ನಿಂತುಹೋಯಿತು, ಅಮೆರಿಕದ ನ್ಯಾಯಾಲಯ ಡಿಸೆಂಬರ್‌ನಲ್ಲಿ ಮಧ್ಯೆ ಬರಬೇಕಾಯಿತು. ಮುಕ್ತ ತಂತ್ರಾಂಶದಲ್ಲೂ ಒಬ್ಬರ ಕೈಯಲ್ಲಿ ಬೀಗದಕೈ ಇರಬಹುದು ಎಂಬುದನ್ನು ಇದು ತೋರಿಸಿತು, ಒಪ್ಪಬೇಕು. ಆದರೆ ಆ ಜಗಳದಿಂದ ಯಾರ ಬರಹವೂ ಯಾರ ಕೈಯಿಂದಲೂ ಹೋಗಲಿಲ್ಲ. ತಂತ್ರಾಂಶ ಜಿಪಿಎಲ್ ಪರವಾನಗಿಯದು, ದತ್ತಕೋಶ ತಾಣದವರದು. ನನ್ನ ಮೊದಲ ಪ್ರಶ್ನೆಗೆ ಅದು ಆ ಬಿಕ್ಕಟ್ಟಿನಲ್ಲೂ ಸರಿಯಾದ ಉತ್ತರ ಕೊಟ್ಟಿತು.

ತಂತ್ರಜ್ಞರ ಆಕ್ಷೇಪ ಇನ್ನೊಂದು: ದತ್ತಕೋಶವೇ ಬೇಡ, ಹ್ಯೂಗೊ ಅಥವಾ ಜೆಕಿಲ್ ಬಳಸಿ ಪ್ರತಿ ಲೇಖನವನ್ನೂ ಸರಳ ಪಠ್ಯ ಕಡತವಾಗಿ ಇಡಿ, ಹ್ಯಾಕ್ ಮಾಡಲು ಏನೂ ಇರುವುದಿಲ್ಲ. ಹೊರಡುವ ದಾರಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದು ಇಲ್ಲವೇ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆಯುವ ಯುನಿಕೋಡ್ ಕಡತಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸ್ವತಃ ಕೋಡ್ ಬರೆಯುವ ಬ್ಲಾಗಿಗರು ಇದನ್ನೇ ಆರಿಸಲಿ. ಆದರೆ ಸಂಘದ ಕಾರ್ಯದರ್ಶಿ ಮೊಬೈಲಿನಲ್ಲೇ ಸಭೆಯ ಸೂಚನೆ ಏರಿಸಬೇಕಾದಲ್ಲಿ ಇದು ನಡೆಯುವುದಿಲ್ಲ. ಎಂಜಿನಿಯರ್ ಒಬ್ಬರು ಉತ್ಸಾಹದಿಂದ ಕಟ್ಟಿಕೊಟ್ಟು ಅಮೆರಿಕಕ್ಕೆ ಹೋದ ಮೇಲೆ ಯಾರೂ ಮುಟ್ಟಲಾಗದೆ ನಿಂತುಹೋಗುವ ತಾಣ ಯಾರಿಗೂ ಬೇಡ. ತಾಣವೇ ಯಾಕೆ, ಎಲ್ಲರೂ ವಾಟ್ಸ್ಆ್ಯಪ್, ಫೇಸ್‌ಬುಕ್‌ನಲ್ಲಿದ್ದಾರಲ್ಲ ಎನ್ನುವವರಿಗೆ: ಸುದ್ದಿ ಮುಟ್ಟಿಸಲು ಅವೇ ಸರಿ. ಮೂರು ವರ್ಷದ ಹಿಂದೆ ಜಲಮಂಡಳಿ ಕೊಟ್ಟ ಉತ್ತರದ ಪ್ರತಿ ಬೇಕಾದಾಗ ಗುಂಪಿನಲ್ಲಿ ಹುಡುಕಿ ನೋಡಿ, ಹೊಸ ಸದಸ್ಯರ ಫೋನಿನಲ್ಲಿ ಅದು ಇರುವುದೇ ಇಲ್ಲ. ಈಗ ಎಐ ಒಂದು ಗಂಟೆಯಲ್ಲಿ ತಾಣ ಕಟ್ಟಿಕೊಡುತ್ತದೆ ಎಂಬ ಮಾತೂ ಇದೆ. ಕಟ್ಟಿಕೊಡಲಿ. ಕಟ್ಟುವುದು ಸುಲಭವಾದಷ್ಟೂ, ಕಟ್ಟಿದ್ದು ಯಾರ ಹೆಸರಿನಲ್ಲಿದೆ, ಹೊರಗೆ ತರಬಹುದೇ ಎಂಬ ಪ್ರಶ್ನೆಯೇ ಉಳಿಯುತ್ತದೆ.

ಆ ಹೆಸರಿನ ವಿಷಯಕ್ಕೆ ಬಂದರೆ, ಡೊಮೇನ್ ನೋಂದಣಿ ವಿನ್ಯಾಸಕಾರರ ಅಥವಾ ಕಾರ್ಯದರ್ಶಿಯ ಖಾಸಗಿ ಇಮೇಲ್‌ನಲ್ಲಿ ಇರಕೂಡದು. ಸಂಘದ ಹೆಸರಿನಲ್ಲಿ, ಸಂಘದ್ದೇ ಇಮೇಲ್‌ನಲ್ಲಿ, ಇಬ್ಬರು ಪದಾಧಿಕಾರಿಗಳಿಗೆ ಪಾಸ್‌ವರ್ಡ್ ಗೊತ್ತಿರುವಂತೆ ಇರಬೇಕು. ಹೋಸ್ಟಿಂಗ್‌ನ ಮೊದಲ ವರ್ಷದ ರಿಯಾಯಿತಿ ದರ ನೋಡಿ ಹಿಗ್ಗದೆ ನವೀಕರಣದ ದರ ಕೇಳಿ, ಅದು ಹೆಚ್ಚೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಪರೀಕ್ಷೆ, ತಾಣ ತೆರೆಯುವ ಮೊದಲೇ ಮಾಡಬೇಕಾದದ್ದು. ಒತ್ತಕ್ಷರ, ಅರ್ಕಾವತ್ತು, ‘ರ‍್ಯಾಂಕ್’‌ನಂಥ ಪದ, ಅಂಕಿಗಳು, ಒಂದೆರಡು ಚಿತ್ರ ಇರುವ ಲೇಖನವೊಂದನ್ನು ಏರಿಸಿ, ರಫ್ತು ಮಾಡಿ, ಆ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ಸಾದಾ ನೋಟ್‌ಪ್ಯಾಡ್‌ನಿಂದ ತೆರೆದು ಓದಿ. ಕನ್ನಡ ಕನ್ನಡವಾಗಿಯೇ ಕಂಡರೆ ಮುಂದುವರಿಯಿರಿ. ವರ್ಡ್‌ಪ್ರೆಸ್‌ನ ರಫ್ತು ಕಡತದಲ್ಲಿ ಚಿತ್ರಗಳ ವಿಳಾಸ ಮಾತ್ರ ಇರುತ್ತದೆ, ಚಿತ್ರಗಳಿರುವುದಿಲ್ಲ. ಹಳೆಯ ತಾಣ ಮುಚ್ಚಿದ ಮೇಲೆ ಆ ವಿಳಾಸಗಳಿಂದ ಏನೂ ಬಾರದು. ಹಾಗಾಗಿ ಚಿತ್ರಗಳ ಫೋಲ್ಡರನ್ನು ಬೇರೆಯಾಗಿಯೇ ಇಳಿಸಿಟ್ಟುಕೊಳ್ಳಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿತವಾದ ಸಂಘಗಳು ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಒಪ್ಪಿಸುತ್ತವೆ. ಅದೇ ಸಭೆಯ ಕಾರ್ಯಸೂಚಿಯಲ್ಲಿ ಇನ್ನೊಂದು ಸಾಲು ಸೇರಲಿ: ಜಾಲತಾಣದ ರಫ್ತು ಕಡತ ಮತ್ತು ಚಿತ್ರಗಳ ಫೋಲ್ಡರ್ ಇರುವ ಎರಡು ಪೆನ್‌ಡ್ರೈವ್‌ಗಳನ್ನು ಅಧ್ಯಕ್ಷರಿಗೂ ಖಜಾಂಚಿಗೂ ಹಸ್ತಾಂತರಿಸಿ, ಡೊಮೇನ್ ಯಾವ ದಿನಾಂಕದವರೆಗೆ ಇದೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದು.